ಹಳೆಯ ಮೋಟಾರಿನ ಕಡೆಯ ಜೋಡಣೆ

ಯಂತ್ರವನ್ನು ಬಿಚ್ಚುವುದಕ್ಕೆ ಬೇಕಾದುದು ಕೈಬಲ. ಅದನ್ನು ಮರಳಿ ಕೂಡಿಸುವುದಕ್ಕೆ ಬೇಕಾದುದು ನೆನಪು ಮತ್ತು ತಾಳ್ಮೆ. ನಮ್ಮ ಮನೆಯ ಹಿತ್ತಲಿನ ತಗಡಿನ ಮಾಡಿನ ಕೆಳಗೆ ೧೯೨೯ರ ಆಸ್ಟಿನ್ ಸೆವೆನ್ ಗಾಡಿಯೊಂದು ನಾಲ್ಕು ವರ್ಷಗಳ ಕಾಲ ತುಂಡುತುಂಡಾಗಿ ಬಿದ್ದಿದ್ದು, ಕಳೆದ ಮಾಗಿಯಲ್ಲಿ ಪುನಃ ಗಾಡಿಯ ಆಕಾರವನ್ನು ತಾಳಿತು. ತುಕ್ಕು ತೆಗೆದುದು, ಬಣ್ಣ ಹಾಕಿದುದು, ಸವೆದುದನ್ನು ಹೊಸದಾಗಿ ಕಡೆಯಿಸಿದುದು ಇವೆಲ್ಲ ದೀರ್ಘವಾದ ಕಥೆ. ಇಲ್ಲಿ ಕಡೆಯ ಹದಿನೈದು ದಿನಗಳ ಜೋಡಣೆಯ ವಿಚಾರವನ್ನಷ್ಟೇ ವಾಚಕರ ಮುಂದಿಡಬೇಕೆಂದಿದ್ದೇನೆ.

ಈ ಗಾಡಿಯು ಹುಟ್ಟಿದುದೂ ಒಂದು ಮನೆಯೊಳಗೆಯೇ ಎಂಬುದು ಗಮನಿಸತಕ್ಕ ಸಂಗತಿ. ಮೊದಲನೆಯ ಮಹಾಯುದ್ಧವು ಮುಗಿದ ತರುವಾಯ ಇಂಗ್ಲೆಂಡಿನ ಆಸ್ಟಿನ್ ಕಂಪೆನಿಯು ಸಾಲದಲ್ಲಿ ಮುಳುಗಿ, ೧೯೨೧ರಲ್ಲಿ ರಿಸೀವರರ ಕೈಗೆ ಹೋಯಿತು. ಸಾಮಾನ್ಯ ಸಂಸಾರಿಗನೂ ಕೊಳ್ಳಬಹುದಾದ ಸಣ್ಣ ಗಾಡಿಯನ್ನು ಮಾಡೋಣವೆಂದು ಸರ್ ಹರ್ಬರ್ಟ್ ಆಸ್ಟಿನ್ನರು ಹೇಳಿದಾಗ ನಿರ್ದೇಶಕರು ಒಪ್ಪಲಿಲ್ಲ. ಆಗ ಅವರು ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟು ವರ್ಷದ ನಕ್ಷೆಗಾರನನ್ನು ಮನೆಗೆ ಕರೆಯಿಸಿಕೊಂಡು, ಬಿಲಿಯರ್ಡ್ಸ್ ಆಡುವ ಕೊಠಡಿಯಲ್ಲಿ ಕುಳ್ಳಿರಿಸಿ ನಕ್ಷೆಗಳನ್ನು ಬರೆಯಿಸಿದರು. ೧೯೨೨ರಲ್ಲಿ ಹೊರಬಂದ ಆ ಗಾಡಿಯು ೧೯೩೯ರ ವರೆಗೆ ಸುಮಾರು ೨,೯೦,೦೦೦ ಸಂಖ್ಯೆಯಲ್ಲಿ ತಯಾರಾಯಿತು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯವರು ಮೊತ್ತಮೊದಲು ಮಾರಿದ ಮೋಟಾರು ಗಾಡಿಯೂ ಇದರ ಪರವಾನಗಿ ಪಡೆದು ಮಾಡಿದುದೇ.

ಗಾತ್ರದಲ್ಲಿ ಇದು ಆಟಿಕೆಯಂತೆ ಕಂಡೀತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ೬ ಅಡಿ ೩ ಅಂಗುಲ. ಎಡಬಲದ ಚಕ್ರಗಳ ನಡುವೆ ೩ ಅಡಿ ೪ ಅಂಗುಲ. ನಾಲ್ಕು ಸಿಲಿಂಡರುಗಳ ಇಂಜಿನ್ನಿನ ಒಟ್ಟು ಅಳತೆ ೭೪೭ ಘನ ಸೆಂಟಿಮೀಟರು. ತಳದ ಚೌಕಟ್ಟು ಇಂಗ್ಲಿಷಿನ ‘ಎ’ ಅಕ್ಷರದಂತೆ ಮುಂದೆ ಕಿರಿದಾಗಿ ಹಿಂದೆ ಅಗಲವಾಗಿದೆ. ಇಷ್ಟು ಸರಳವಾಗಿರುವುದರಿಂದಲೇ ಇದನ್ನು ಮನೆಯಲ್ಲಿ ಕೂಡಿಸುವ ಸಾಹಸವು ಸಾಧ್ಯವಾಯಿತು.

ಜೋಡಣೆಗೆ ಒಂದು ಕ್ರಮವುಂಟು. ಮುಂದೆ ಮುಚ್ಚಿಹೋಗುವ ಭಾಗವನ್ನು ಮೊದಲು ಮುಗಿಸಬೇಕು; ಇದೇ ಆ ಕ್ರಮದ ಸಾರ. ಆದುದರಿಂದ ಚೌಕಟ್ಟಿಗೆ ಮೊದಲು ಸ್ಪ್ರಿಂಗುಗಳೂ ಅಚ್ಚುಗಳೂ ಸೇರಿದವು. ಬಳಿಕ ಬ್ರೇಕು, ಇಂಜಿನ್, ಗೇರುಪೆಟ್ಟಿಗೆ, ಸ್ಟಿಯರಿಂಗು, ರೇಡಿಯೇಟರು. ಎಲ್ಲಕ್ಕೂ ಕಡೆಗೆ ಮೈಕಟ್ಟು, ವಿದ್ಯುತ್ತಿನ ತಂತಿ, ಆಸನ. ಹೊಳೆಯುವ ಮೈಕಟ್ಟನ್ನು ಏರಿಸಿ ನೋಡಬೇಕೆಂಬ ಚಪಲವು ಯಾರಿಗಾದರೂ ಬರುವುದು ಸಹಜ. ಆ ಚಪಲಕ್ಕೆ ಸೋತವನು ಬ್ರೇಕಿನ ತಂತಿಯನ್ನು ಬಿಗಿಯುವುದಕ್ಕಾಗಿ ಅಂಗಾತ ಮಲಗಿ ಬೆವರು ಸುರಿಸಬೇಕಾಗುತ್ತದೆ.

ಇಂಜಿನ್ನಿನ ವಿಷಯದಲ್ಲಿ ಮುಖ್ಯವಾದುದು ಶುಚಿ. ಇದರಲ್ಲಿ ಎಣ್ಣೆಯನ್ನು ಪಂಪು ಸಣ್ಣ ಜೆಟ್ಟುಗಳ ಮೂಲಕ ಚಿಮ್ಮಿಸಿ, ತಿರುಗುವ ಕ್ರಾಂಕಿನ ರಂಧ್ರಗಳೊಳಗೆ ಹೋಗುವಂತೆ ಮಾಡುತ್ತದೆ. ಎಳ್ಳುಕಾಳಿನಷ್ಟು ಕಸವು ಜೆಟ್ಟಿನಲ್ಲಿ ಸಿಕ್ಕಿದರೂ ಬೇರಿಂಗು ಒಣಗಿ ಸುಟ್ಟುಹೋದೀತು. ಸಿಲಿಂಡರಿನ ಮೇಲ್ಮುಚ್ಚಳದ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪಸ್ವಲ್ಪವಾಗಿ ಸುತ್ತು ಬಂದು ಬಿಗಿಯತಕ್ಕದ್ದು. ಒಂದೆಡೆಯಿಂದ ಬಿಗಿದರೆ ಮುಚ್ಚಳವು ಸೊಟ್ಟಗಾಗಿ ನೀರು ಒಳಕ್ಕೆ ಸೋರುತ್ತದೆ. ಕಿಡಿ ಹಾರುವ ಸರದಿಯು ಒಂದು, ಮೂರು, ನಾಲ್ಕು, ಎರಡು. ತಂತಿಗಳು ಅದಲುಬದಲಾದರೆ ಇಂಜಿನ್ನು ಕೆಮ್ಮುವುದೇ ಹೊರತು ಓಡದು.

ಬ್ರೇಕಿನಲ್ಲಿ ಒಂದು ವಿಶೇಷವಿದೆ. ೧೯೩೦ಕ್ಕೆ ಮುಂಚಿನ ಗಾಡಿಗಳಲ್ಲಿ ಕಾಲಿನಿಂದ ತುಳಿದರೆ ಹಿಂದಿನ ಚಕ್ರಗಳು ಮಾತ್ರ ನಿಲ್ಲುತ್ತವೆ. ಮುಂದಿನ ಚಕ್ರಗಳನ್ನು ಕೈಯ ಸನ್ನೆಯಿಂದ ತಡೆಯಬೇಕು. ಎಡಬಲಗಳು ಸಮವಾಗಿ ಹಿಡಿಯದಿದ್ದರೆ ಗಾಡಿಯು ಪಕ್ಕಕ್ಕೆ ಎಳೆಯುತ್ತದೆ. ಇದೊಂದು ಕೆಲಸಕ್ಕೇ ಎರಡು ದಿನಗಳು ಹಿಡಿದವು.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ಈ ಗಾಡಿಯನ್ನು ನಮ್ಮ ತಾಯಿಯವರ ತಂದೆಯವರು ಇಟ್ಟುಕೊಂಡಿದ್ದರು. ಈಗ ಎಂಬತ್ತೇಳು ವರ್ಷದವರಾದ ತಾಯಿಯವರು ಬಾಲ್ಯದಲ್ಲಿ ಇದರ ಹಿಂದಿನ ಆಸನದಲ್ಲಿ ಕುಳಿತು ಶಾಲೆಗೆ ಹೋದವರು. ಸಂಕ್ರಾಂತಿಯ ಸಂಜೆ ಅವರನ್ನು ಕುಳ್ಳಿರಿಸಿಕೊಂಡು ತೋಟದ ಹಾದಿಯಲ್ಲಿ ಒಂದು ಸುತ್ತು ಬರುವುದೆಂದು ಮಾತು ಕೊಟ್ಟಿದ್ದೆನು. ಅವರು ಶಾಲು ಹೊದ್ದು ಜಗಲಿಯಲ್ಲಿ ಕಾದಿದ್ದರು. ಉಪಕರಣಗಳನ್ನು ಎತ್ತಿಡುವಾಗ ತಟ್ಟೆಯ ಮೂಲೆಯಲ್ಲಿ ಎರಡು ಕಾಲಿನ ಸಣ್ಣ ತಂತಿಕೀಲೊಂದು, ಅಂದರೆ ಸ್ಪ್ಲಿಟ್ ಪಿನ್ನು, ಉಳಿದಿರುವುದು ಕಣ್ಣಿಗೆ ಬಿತ್ತು. ನಟ್ಟು ತಾನಾಗಿ ಕಳಚದಂತೆ ಕಾಯುವುದು ಈ ಕೀಲು. ಬೇಕಾದಷ್ಟನ್ನೇ ಎಣಿಸಿಟ್ಟಿದ್ದುದರಿಂದ, ಎಲ್ಲಿಯೋ ಒಂದು ನಟ್ಟು ಕಾವಲಿಲ್ಲದೆ ಇದೆಯೆಂಬುದು ನಿಶ್ಚಯವಾಯಿತು.

ಅದು ಹೆಚ್ಚಿನದಾಗಿರಬಹುದೆಂದು ಮನಸ್ಸು ಸಮಾಧಾನ ಹೇಳಿತು. ಮಕ್ಕಳು ಅವಸರಪಡಿಸಿದರು. ಒಂದು ಗಳಿಗೆ ನಾನೂ ಹಾಗೆಯೇ ನಂಬಲು ಸಿದ್ಧನಾಗಿದ್ದೆನೆಂದು ಒಪ್ಪಿಕೊಳ್ಳುತ್ತೇನೆ. ಕಡೆಗೆ ಜಗಲಿಗೆ ಹೋಗಿ, “ಅಮ್ಮ, ಈ ಹೊತ್ತು ಆಗುವುದಿಲ್ಲ” ಎಂದೆನು. ಅವರು ಕಾರಣವನ್ನು ಕೇಳಲಿಲ್ಲ, “ದೀಪ ತರಿಸಲೇ?” ಎಂದಷ್ಟೇ ಕೇಳಿದರು. ಒಂದೊಂದೇ ನಟ್ಟನ್ನು ಮುಟ್ಟಿ ನೋಡುತ್ತ ಮೂರು ಗಂಟೆಗಳು ಕಳೆದವು. ಕೊನೆಗೆ ಅದು ಸಿಕ್ಕಿದುದು ಸ್ಟಿಯರಿಂಗಿನ ಕಂಬಿಯು ಮುಂದಿನ ಅಚ್ಚಿಗೆ ಸೇರುವೆಡೆಯಲ್ಲಿ. ಬೆರಳಿನಿಂದಲೇ ಸಡಿಲವಾಗಿ ತಿರುಗುತ್ತಿತ್ತು. ಇಳಿಜಾರಿನಲ್ಲಿ ಆ ಕಂಬಿ ಕಳಚಿದ್ದರೆ ಚಕ್ರಗಳು ಕೈಯ ಮಾತನ್ನು ಕೇಳುತ್ತಿರಲಿಲ್ಲ.

ಮಾರನೆಯ ದಿನ ಮೊದಲಿನಿಂದ ಪರೀಕ್ಷೆ ನಡೆಯಿತು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಎಣ್ಣೆಯು ಏರುವವರೆಗೆ ಹ್ಯಾಂಡಲಿನಿಂದ ಇಂಜಿನ್ನನ್ನು ತಿರುಗಿಸಿದೆವು. ಎಣ್ಣೆಯ ಒತ್ತಡವುಂಟಾದರೆ ಹಲಗೆಯ ಮೇಲಣ ಸಣ್ಣ ಗುಂಡಿಯು ಹೊರಕ್ಕೆ ಚಾಚುತ್ತದೆ. ಅದು ಚಾಚಿದ ಮೇಲೆಯೇ ಪ್ಲಗ್ಗುಗಳನ್ನು ಹಾಕಿದುದು. ಮೂರನೆಯ ಸುತ್ತಿಗೆ ಇಂಜಿನ್ನು ಹಿಡಿಯಿತು. ಇದರಲ್ಲಿ ನೀರಿಗೆ ಪಂಪಿಲ್ಲ. ಕಾದ ನೀರು ತಾನಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತದೆ. ಕೈಯಿಟ್ಟು ಮೇಲಿನ ಕೊಳವೆ ಬಿಸಿಯಾಗಿಯೂ ಕೆಳಗಿನದು ಅದಕ್ಕಿಂತ ತಣ್ಣಗಾಗಿಯೂ ಇರುವುದನ್ನು ಕಂಡುಕೊಂಡೆವು.

ಕ್ಲಚ್ಚಿನ ಚಲನೆ ಬಹು ಅಲ್ಪವಾದುದರಿಂದ ಮೊದಲ ಸಲ ಗಾಡಿಯು ಕಪ್ಪೆಯಂತೆ ನೆಗೆದು ನಿಂತಿತು. ಒಬ್ಬನೇ ಕುಳಿತು ಹತ್ತು ಗಜ ಹೋಗುವುದು, ನಿಲ್ಲಿಸುವುದು, ಇಳಿದು ನಟ್ಟುಗಳನ್ನು ನೋಡುವುದು. ಎರಡು ದಿನ ಇದೇ ಆಯಿತು. ಮೂರನೆಯ ದಿನ ತಾಯಿಯವರು ತಮ್ಮ ಹಳೆಯ ಸ್ಥಳದಲ್ಲಿಯೇ ಕುಳಿತರು. ಅಡಿಕೆ ಮರಗಳ ನಡುವೆ ಒಂದು ಸುತ್ತು ಬಂದು ನಿಂತಾಗ, ಹಿಂದೆ ಇದರ ಸದ್ದು ಇನ್ನೂ ಹೆಚ್ಚಿತ್ತೆಂದು ಅವರು ಹೇಳಿದರು.

ಐವತ್ತು ವರ್ಷಕ್ಕೆ ಮೀರಿದ ಇಂತಹ ಗಾಡಿಗಳ ನೋಂದಣಿಗೆ ೨೦೨೧ರಲ್ಲಿ ಭಾರತ ಸರ್ಕಾರವು ಪ್ರತ್ಯೇಕ ನಿಯಮಗಳನ್ನು ಮಾಡಿತು. ಪ್ರದರ್ಶನ, ರ್ಯಾಲಿ ಮೊದಲಾದವುಗಳಿಗೆ ಹೊರತು ದಿನಬಳಕೆಗೆ ಅವನ್ನು ಬೀದಿಯಲ್ಲಿ ಓಡಿಸಲು ಆ ನಿಯಮಗಳು ಅವಕಾಶ ಕೊಡಲಿಲ್ಲ. ಈ ಕೆಲಸಕ್ಕೆ ಕೈಯಿಕ್ಕುವ ಗೃಹಸ್ಥರು ಅದನ್ನು ತಿಳಿದಿರುವುದೊಳ್ಳೆಯದು. ನನ್ನ ಪಾಲಿಗೆ ಉಳಿದ ಸೂಚನೆ ಒಂದೇ: ಕೀಲುಗಳನ್ನು ಎಣಿಸಿಟ್ಟುಕೊಳ್ಳಿರಿ, ಒಂದು ಉಳಿದರೆ, ಹೊರಗೆ ಯಾರು ಕಾದಿದ್ದರೂ ಮತ್ತೆ ದೀಪ ಹಚ್ಚಿರಿ.