ಎತ್ತಿನ ಜಾಡಿನಲ್ಲಿ ಕುರುಗೋಡಿಗೆ

ಸೀಗಿ ಹುಣ್ಣಿಮೆ ಕಳೆದ ವಾರ ಬಳ್ಳಾರಿಯ ಕೋಟೆಗುಡ್ಡದ ಬಂಡೆಗಳನ್ನು ನಸುಕಿನಲ್ಲಿ ಮುಟ್ಟಿದರೆ ಅಂಗೈ ತಣ್ಣಗಾಗುತ್ತದೆ. ಏಪ್ರಿಲ್‌ನಲ್ಲಿ ನಡುರಾತ್ರಿಯೂ ಝಳ ಬಿಡುವ ಕಲ್ಲುಗಳು ಇವೇ. ಮುಂಗಾರು ಹಿಂದೆ ಸರಿದು ಚಳಿ ಇನ್ನೂ ಕಾಲಿಡದ ಈ ಕೆಲವೇ ವಾರ ಈ ಸೀಮೆಯಲ್ಲಿ ನಡೆಯುವವರಿಗೆಂದೇ ಇರುವ ಕಾಲ. ಚಂದ್ರ ಪಡುವಣಕ್ಕೆ ವಾಲಿದ್ದ. ಗೆಳೆಯರೆಲ್ಲ ಬೆನ್ನಿಗೆ ಚೀಲ ಏರಿಸಿ ಕನಕದುರ್ಗಮ್ಮನ ಗುಡಿಗೆ ಕೈಮುಗಿದು ಹೊರಟೆವು. ಚೀಲದಲ್ಲಿ ಸಜ್ಜೆರೊಟ್ಟಿ, ಶೇಂಗಾಪುಡಿ, ಗುರೆಳ್ಳುಪುಡಿ, ಗಟ್ಟಿಯಾಗಿ ಬೇಯಿಸಿದ ಹೆಸರುಕಾಳಿನ ಪಲ್ಯ, ನೀರಿನ ಬಾಟಲಿ, ಒಂದು ಚಾದರ.

ಮೊದಲ ದಿನ ಬಳ್ಳಾರಿಯಿಂದ ಸಂಗನಕಲ್ಲು ಗುಡ್ಡ ಹತ್ತಿಳಿದು ಕುರುಗೋಡು, ಮರುದಿನ ತೆಕ್ಕಲಕೋಟೆ ಮೇಲೆ ಹಾದು ಸಿರುಗುಪ್ಪ. ಈ ದಾರಿಗೆ ಬಾಣದ ಗುರುತಿಲ್ಲ, ಚಾರಣಿಗರ ನಕ್ಷೆಯಿಲ್ಲ. ನಮ್ಮೂರ ಹುಡುಗರು ಟ್ರೆಕ್ಕಿಂಗ್ ಎಂದರೆ ರಾತ್ರಿ ಬಸ್ಸು ಹತ್ತಿ ಮಲೆನಾಡಿಗೆ ಹೋಗುತ್ತಾರೆ. ಹೋಗಲಿ, ಆ ಹಸಿರು ಚೆಂದವೇ. ಆದರೆ ಮನೆಯ ಹಿಂದಿರುವ ಗುಡ್ಡವನ್ನು ಕಾಲಿನಿಂದ ಅರಿಯದೆ ಬೆಳೆಯುವುದು ದೊಡ್ಡ ನಷ್ಟ ಎಂದೇ ನನ್ನ ನಂಬಿಕೆ.

ಮೋಕಾ ರಸ್ತೆಯಲ್ಲಿ ಊರು ತೆಳುವಾಗುತ್ತಾ ಬಂದು, ಜೀನ್ಸ್ ಹೊಲಿಯುವ ಷೆಡ್ಡುಗಳು ಮುಗಿದು, ತೊಗರಿಯ ಹಳದಿ ಹೂ ಶುರುವಾಗುವ ಹೊತ್ತಿಗೆ ಬೆಳಕು ಹರಿದಿತ್ತು. ಸಂಗನಕಲ್ಲು, ಕಪ್ಪಗಲ್ಲುಗಳ ನಡುವಿನ ಗುಡ್ಡಸಾಲು ದೂರದಿಂದ ಯಾರೋ ಸುರಿದುಹೋದ ಗುಂಡುಗಳ ರಾಶಿ. ಹತ್ತಿರ ಹೋದರೆ ಕೆಂಬೂದಿ ಬಣ್ಣದ ಗ್ರಾನೈಟಿನ ನಡುವೆ ಡಾಲರೈಟಿನ ಕರಿಕಲ್ಲು ಒಂದು ಪಟ್ಟಿಯಾಗಿ ಗುಡ್ಡವನ್ನು ಸೀಳಿಕೊಂಡು ಏರಿರುವುದು ಕಾಣುತ್ತದೆ. ಈ ಊರಿನ ಚರಿತ್ರೆಯೆಲ್ಲ ಆ ಕಪ್ಪು ಪಟ್ಟಿಯಿಂದ ಹೊರಟಿದೆ.

1872ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಕಲ್ಲಿನ ಕೊಡಲಿಗಳನ್ನು ಗುರುತಿಸಿದ. ಬಳ್ಳಾರಿಯ ಪ್ರಾಚ್ಯವಸ್ತು ಸಂಗ್ರಹಾಲಯಕ್ಕೆ ಅವನ ಹೆಸರೇ ಇದೆ. ಆಮೇಲೆ ಬಿ. ಸುಬ್ಬರಾವ್ ಅಗೆದರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದರು. ಹಿರೇಗುಡ್ಡದ ಮೇಲೆ ಕೊಡಲಿ ಮಾಡುವ ಕಾರ್ಖಾನೆಯೇ ಇತ್ತೆಂದು ಗೊತ್ತಾಯಿತು. ಸುಮಾರು 4,000 ವರ್ಷದ ಹಿಂದೆ ಇಲ್ಲಿಯ ಜನ ಕರಿಕಲ್ಲು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ಉಜ್ಜಿ ಅಲಗು ಹಚ್ಚುತ್ತಿದ್ದರು. ಉಜ್ಜಿದ ತೋಡುಗಳು ಹಾಗೇ ಇವೆ. ಒಂದರಲ್ಲಿ ಬೆರಳಿಟ್ಟು ನೋಡಿದೆ: ಎರಡೂ ತುದಿಯಲ್ಲಿ ಮೇಲಕ್ಕೆ ತೇಲಿ ನಡುವೆ ಆಳಕ್ಕಿಳಿದ, ಕನ್ನಡಿಯಷ್ಟು ನುಣುಪಾದ ಗೆರೆ. ಮಂಡಿಯೂರಿ ಕೂತು ಎರಡೂ ಕೈಯಿಂದ ತಳ್ಳಿ ಎಳೆದರೆ ಮಾತ್ರ ಅಂಥ ತೋಡು ಬೀಳುತ್ತದೆ. ಅಲ್ಲಿ ಕೂತವರ ಮೈಯ ಬಾಗು ಕಲ್ಲಿನಲ್ಲಿ ಉಳಿದುಬಿಟ್ಟಿದೆ.

ಮೇಲೆ ಕುರಿ ಬಿಟ್ಟುಕೊಂಡು ಬಂದಿದ್ದ ಹುಡುಗನೊಬ್ಬ, 'ಅಣ್ಣಾ, ಇದು ಗಂಟಿ ಹೊಡದಂಗ ಹೊಡಿತೈತಿ ನೋಡ್ರಿ' ಎಂದು ಒಂದು ಕರಿಗುಂಡಿನ ಮೇಲಿನ ಕುಳಿಗೆ ಹರಳುಕಲ್ಲಿನಿಂದ ಮೆಲ್ಲಗೆ ತಟ್ಟಿದ. ಕಂಚಿನ ದನಿ. ಪಕ್ಕದ ಕುಳಿಯಲ್ಲಿ ಬೇರೆ ಸ್ವರ. ಆ ಕುಳಿಗಳೂ ಹಳಬರು ತಟ್ಟಿ ತಟ್ಟಿ ಆದವು. ಅದೇ ಕಲ್ಲುಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆಲವು ಎಂಥ ಎಡೆಯಲ್ಲಿವೆಯೆಂದರೆ, ಬಿಡಿಸಿದವನನ್ನು ಮೇಲಿನಿಂದ ಯಾರಾದರೂ ಹಿಡಿದಿರಲೇಬೇಕು. ಮನೆ, ರಸ್ತೆಯ ಜಲ್ಲಿಗಾಗಿ ಈ ಸಾಲಿನ ಕೆಲವು ಕಡೆ ಬಂಡೆ ಸಿಡಿಸಲಾಗಿದೆ. ಬೇರೆಡೆ ಸಿಗುವ ಜಲ್ಲಿಗಾಗಿ ಇನ್ನೆಲ್ಲೂ ಸಿಗದ ಚಿತ್ರವನ್ನು ಪುಡಿ ಮಾಡುವುದನ್ನು ಜಿಲ್ಲೆಯ ಜನ ಒಪ್ಪಬಾರದು. ಉಳಿದಿದ್ದರ ಸುತ್ತ ಗಟ್ಟಿ ಬೇಲಿ, ಒಬ್ಬ ಕಾವಲುಗಾರ, ಊರ ಶಾಲೆಯ ಮಕ್ಕಳ ಓಡಾಟ, ಈ ಮೂರಾದರೂ ಬೇಕು.

ಕಪ್ಪಗಲ್ಲಿನ ಬಳಿ ಬೂದಿದಿಬ್ಬವೂ ಇದೆ. ದೊಡ್ಡಿಯ ಸಗಣಿ ವರ್ಷಗಟ್ಟಲೆ ಗುಡ್ಡೆಯಾಗಿ, ಮತ್ತೆ ಮತ್ತೆ ಬೆಂಕಿ ಹತ್ತಿ ಆದ ದಿಬ್ಬ. ದನ ಕಟ್ಟಿದ ಜನ ಹುರುಳಿ, ಹೆಸರು, ಕೊರಲೆ ಬಿತ್ತುತ್ತಿದ್ದರೆಂಬುದು ಅಗೆತದಲ್ಲಿ ಸಿಕ್ಕ ಕರಕಲು ಕಾಳುಗಳಿಂದ ತಿಳಿದಿದೆ. ಗುಡ್ಡ ಇಳಿದು ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ನಮ್ಮ ಕೈಯಲ್ಲಿದ್ದದ್ದೂ ಹೆಸರುಕಾಳೇ.

ಅಲ್ಲಿಂದ ವಾಯವ್ಯಕ್ಕೆ ಎರೆಹೊಲ. ಹಸ್ತ, ಚಿತ್ತೆ ಮಳೆಗಳ ಹಸಿ ಹಿಡಿದ ಮಣ್ಣು ಬೂಟಿಗೆ ಮೆತ್ತಿ ಪ್ರತಿ ಹೆಜ್ಜೆಗೂ ಒಂದು ಪಾವು ತೂಕ ಕೂಡಿಸುತ್ತದೆ. ಹತ್ತಿ ಒಡೆದ ಸಾಲುಗಳಲ್ಲಿ ಹೆಂಗಸರು ಉಡಿ ತುಂಬಾ ಬಿಡಿಸುತ್ತಿದ್ದರು. ಪಕ್ಕದ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆ. ಟ್ರ್ಯಾಕ್ಟರುಗಳ ಈ ಕಾಲದಲ್ಲೂ ಒಂದು ಜೋಡಿ ಎತ್ತು ಕೂರಿಗೆ ಎಳೆಯುತ್ತಿತ್ತು. ಬದುವಿನ ಮೇಲೆ ಕೂತಿದ್ದ ಮುದುಕ ನಮ್ಮ ಚೀಲಗಳನ್ನು ಕಂಡು ಕೇಳಿದ:

'ಶ್ರೀಶೈಲಕ್ಕೇನ್ರಪ್ಪಾ? ಯುಗಾದಿ ಇನ್ನಾ ದೂರೈತಲ್ಲ.'

'ಇಲ್ಲ ತಾತಾ, ಇವತ್ತು ಕುರುಗೋಡು, ನಾಳೆ ಸಿರುಗುಪ್ಪ.'

'ಹರಕಿ ಐತೇನು?'

'ಇಲ್ರಿ, ಸುಮ್ನ ನಮ್ಮ ಸೀಮಿ ನೋಡೋಣಂತ.'

ತಾತ ಒಂದು ಗಳಿಗೆ ಸುಮ್ಮನಿದ್ದು, 'ನೋಡ್ರಿ ನೋಡ್ರಿ, ಮಜ್ಜಿಗಿ ಕುಡದು ಹೋಗ್ರಿ' ಎಂದ. ಯುಗಾದಿಗೆ ಮುಂಚೆ ಮಲ್ಲಯ್ಯನ ದರ್ಶನಕ್ಕೆ ನೂರಾರು ಮೈಲಿ ನಡೆಯುವವರನ್ನು ಕಂಡ ನಾಡು ಇದು. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವುದು ಇಲ್ಲಿ ಯಾರೂ ಕಲಿಸಬೇಕಾದ್ದಲ್ಲ.

ಕೋಳೂರಿನ ಆಸುಪಾಸು ದಾಟಿ ನೀರಾವರಿಯ ಸೀಮೆಗೆ ಬಂದರೆ ನೋಟವೇ ಬೇರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಒಣ ಜೋಳದ ನೆಲದ ಬಹುಪಾಲು ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದ ಒಕ್ಕಲು ಕಟ್ಟಿದ ಊರುಗಳನ್ನು ಇಂದಿಗೂ ಕ್ಯಾಂಪ್ ಎಂದೇ ಕರೆಯುತ್ತಾರೆ. ಚಹಾದಂಗಡಿಯಲ್ಲಿ ಒಂದೇ ಮಾತು ಅರ್ಧ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ತೆನೆ ಬಾಗಿದ ಗದ್ದೆಯ ಮೇಲೆ ಬೆಳ್ಳಕ್ಕಿ, ತೂಬಿನ ಬಾಯಲ್ಲಿ ನೊರೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ಪಕ್ಕದ ರೈತರ ಮಾತೆಲ್ಲ ನೀರಿನದೇ. 2024ರ ಆಗಸ್ಟಿನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದ ರಾತ್ರಿ ಈ ಭಾಗದ ಮನೆಗಳಲ್ಲಿ ಯಾರಿಗೂ ನಿದ್ದೆ ಇರಲಿಲ್ಲವಂತೆ.

ಬಿಸಿಲು ಇಳಿಯುವಾಗ ಕುರುಗೋಡಿನ ಗುಡ್ಡ ಎದುರಾಯಿತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಲ್ಲಕುಂದೆ ನಾಡನ್ನು ಆಳಿದ ಸಿಂದರ ರಾಜಧಾನಿ ಇದು. ಗುಡ್ಡದ ಮೇಲೆ ಕೋಟೆಯ ಗೋಡೆ, ಬುಡದಲ್ಲಿ ಹಳೆಯ ಊರಿನ ಕಲ್ಲುಗುಡಿಗಳು. ಬೆನ್ನು ಜಗ್ಗುತ್ತಿದ್ದರೂ ಮೊದಲು ದೊಡ್ಡಬಸವೇಶ್ವರನ ಗುಡಿಗೇ ಹೋದೆವು. ಬೇರೆಡೆ ಬಸವ ಶಿವನ ಎದುರು ಕಾಯುತ್ತಾ ಕೂತಿರುತ್ತಾನೆ. ಇಲ್ಲಿ ಗರ್ಭಗುಡಿಯ ಒಡೆಯ ಅವನೇ. ಒಂದೇ ಕಲ್ಲಿನ ಆ ಮೈ ಒಳಗಿನ ಜಾಗವನ್ನೆಲ್ಲ ತುಂಬಿಕೊಂಡಿದೆ, ಮುಖ ಕಾಣಲು ಕತ್ತೆತ್ತಬೇಕು. ಬೆಳಿಗ್ಗೆ ಕರಿಕಲ್ಲಿನ ಮೇಲೆ ಗೇಣಗಲ ಕಂಡ ಎತ್ತು, ಮಧ್ಯಾಹ್ನ ಕೂರಿಗೆಗೆ ಕಟ್ಟಿದ ಎತ್ತು, ಸಂಜೆಗೆ ಮಂಗಳಾರತಿ ಪಡೆಯುವ ಎತ್ತು. ಕಾರಿನಲ್ಲಿ ಬಂದಿದ್ದರೆ ಇವು ಮೂರೂ ನನಗೆ ಬೇರೆ ಬೇರೆಯಾಗಿಯೇ ಇರುತ್ತಿದ್ದವು.

ರಾತ್ರಿ ಊಟದ ಹೊತ್ತಿಗೆ ನಾಳೆಯ ದಾರಿಯ ಚರ್ಚೆ. ತೆಕ್ಕಲಕೋಟೆಯ ಬೆಟ್ಟದಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಅಗೆದು ತೋರಿಸಿದ ಶಿಲಾಯುಗದ ವಸತಿಯ ನೆಲೆ ನೋಡಬೇಕು. ಸಿರುಗುಪ್ಪ ಸೀಮೆಯ ಎರೆಬಯಲಿನಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರ್ಲಡ್ಡು ಹಕ್ಕಿಯ ಕಡೆಗೂ ಕಣ್ಣಿರಬೇಕು, ಆದರೆ ಅದರ ಜಾಗಕ್ಕೆ ನುಗ್ಗಬಾರದು. ಖಾನಾವಳಿಯವರು ಇನ್ನೊಂದು ಸೌಟು ಸಾರು ಬಡಿಸುತ್ತಾ ಹೇಳಿದರು: 'ದೊಡ್ಡ ರೋಡು ಹಿಡಿಬ್ಯಾಡ್ರಿ, ಲಾರಿ ಭಾಳ. ಕಾಲುವಿ ಏರಿ ಮ್ಯಾಲ ಹೋಗ್ರಿ, ದಾರ್ಯಾಗ ಅಂಜೂರದ ತೋಟ ಸಿಗ್ತಾವ.' ಐದಕ್ಕೆಲ್ಲ ಹೊರಡುವುದೆಂದು ನಿಶ್ಚಯವಾಯಿತು.