ಇಂಜೆಕ್ಷನ್ ತೆಗೆದು ಕಾರ್ಬುರೇಟರ್ ಹಾಕಿಸಬಹುದೇ?



ನಾಗಲದಿನ್ನೆ, ನಂದವರಂ, ಎಮ್ಮಿಗನೂರು ಕಡೆಯಿಂದ ಆದೋನಿ ಮಾರುಕಟ್ಟೆಗೆ ಹತ್ತಿ, ಮೆಣಸಿನಕಾಯಿ, ಈರುಳ್ಳಿ ಹೊರುವ ಗಾಡಿಗಳಲ್ಲಿ ಈಗ ಪೆಟ್ರೋಲಿನ ಸಣ್ಣ ಗೂಡ್ಸ್ ಗಾಡಿಗಳೂ ಸೇರಿವೆ. ಇಂಥ ಗಾಡಿ ದಾರಿಯಲ್ಲಿ ನಿಂತಿತೆಂದರೆ ಸುತ್ತ ನೆರೆದವರಲ್ಲಿ ಒಬ್ಬರಾದರೂ ಹೇಳುತ್ತಾರೆ: "ಈ ಕಂಪ್ಯೂಟರಿನ ಸಹವಾಸ ಬೇಡಪ್ಪ. ಇಂಜೆಕ್ಷನ್ ಕಿತ್ತು ಹಾಕಿ ಹಳೇ ಕಾರ್ಬುರೇಟರ್ ಕೂಡಿಸು. ಒಂದು ಸ್ಕ್ರೂಡ್ರೈವರ್ ಇದ್ದರೆ ಸಾಕು." ಮಾತು ಹಿತವಾಗಿದೆ. ಆದರೆ ನಡೆಯುವ ಮಾತೇ? ನಾನು ಮೆಕ್ಯಾನಿಕ್ ಅಲ್ಲ, ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದವನು. ಗಾಡಿ ಸಾಲದ ಕಾಗದಗಳ ಮಧ್ಯೆ ವರ್ಷಗಳನ್ನು ಕಳೆದವನು. ಆದ್ದರಿಂದ ಜಮಾ ಏನು, ಖರ್ಚು ಏನು ಎಂಬ ಲೆಕ್ಕದಲ್ಲೇ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಈ ಪ್ರಶ್ನೆ ಪೆಟ್ರೋಲ್ ಗಾಡಿಗೆ ಮಾತ್ರ. ದೊಡ್ಡ ಲಾರಿಗಳ ಡೀಸೆಲ್ ಇಂಜಿನ್‌ಗೆ ಕಾರ್ಬುರೇಟರ್ ಕೂಡಿಸಲು ಬರುವುದಿಲ್ಲ. ಅದರಲ್ಲಿ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಅದು ತಾನಾಗಿ ಕಾಯುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ಉರಿ ಹತ್ತುತ್ತದೆ. ಅಂದರೆ ಡೀಸೆಲ್ ಇಂಜಿನ್‌ಗೆ ಇಂಜೆಕ್ಷನ್ನೇ ಪ್ರಾಣ. ನಮ್ಮ ದೇಶದಲ್ಲಿ ನಡೆದದ್ದೂ ಇದಕ್ಕೆ ತಿರುಗಾದ ಕೆಲಸ. ಹಿಂದೆ ಬೆಡ್‌ಫರ್ಡ್, ಡಾಜ್, ಫಾರ್ಗೋ ಲಾರಿಗಳು ಕಾರ್ಬುರೇಟರಿನ ಪೆಟ್ರೋಲ್ ಇಂಜಿನ್‌ನಲ್ಲಿ ಓಡುತ್ತಿದ್ದವು. ಪೆಟ್ರೋಲಿನ ಖರ್ಚು ತಾಳದ ಮಾಲೀಕರು ಅವನ್ನಿಳಿಸಿ ಪರ್ಕಿನ್ಸ್ ಡೀಸೆಲ್ ಇಂಜಿನ್ ಏರಿಸಿದರು. ಆ ಇಂಜಿನ್‌ಗಳನ್ನು ಮದರಾಸಿನ ಸಿಂಪ್ಸನ್ ಕಂಪನಿ ಇಲ್ಲಿಯೇ ತಯಾರಿಸಿತು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ ಡೀಸೆಲ್ ಪಂಪುಗಳಿಗೆ ಮನೆಮಾತಾಯಿತು. 1954ರಿಂದ ಟಾಟಾ ಮರ್ಸಿಡಿಸ್ ಡೀಸೆಲ್ ಲಾರಿಗಳೂ ಬಂದವು. ಹೀಗೆ ಲಾರಿಯ ಲೋಕ ಕಾರ್ಬುರೇಟರನ್ನು ಬಿಟ್ಟು ಬಹಳ ಕಾಲವಾಯಿತು.

ಈಗ ಪೆಟ್ರೋಲ್ ಗಾಡಿಗೆ ಬರೋಣ. ಪೆಟ್ರೋಲ್ ಉರಿಯಬೇಕಾದರೆ ಗಾಳಿ ಬೇಕು. ತೆಲುಗಿನವರ 'ಗಾಲಿ' ಎಂದರೆ ನಮ್ಮ ಗಾಳಿ, ನಮ್ಮ ಗಾಲಿ ಎಂದರೆ ಅವರ ಚಕ್ರ. ಎರಡೂ ಭಾಷೆ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಗಾಳಿ ಸರಿಯಾಗಿ ಸೇರಿದರೇ ಈ ಗಾಲಿ ತಿರುಗುವುದು! ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು. ಈ ಹದವನ್ನು ಕೂಡಿಸುವ ರೀತಿ ಎರಡು.

ಮನೆಯಲ್ಲಿ ಸೊಳ್ಳೆಗೆ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪು ನೆನಪಿದೆಯಲ್ಲವೇ? ಕೊಳವೆಯ ಬಾಯಿಯ ಮೇಲೆ ಗಾಳಿ ಜೋರಾಗಿ ಹಾಯ್ದಾಗ ಡಬ್ಬಿಯಲ್ಲಿರುವ ಔಷಧ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ಕಾರ್ಬುರೇಟರ್ ಇದೇ. ಇಂಜಿನ್ ಗಾಳಿಯನ್ನು ಎಳೆಯುತ್ತದೆ. ಗಾಳಿ ಇಕ್ಕಟ್ಟಾದ ಕುತ್ತಿಗೆಯಲ್ಲಿ ಓಡುವಾಗ ಬಟ್ಟಲಿನ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ರಂಧ್ರದಿಂದ ಹೀರಿಕೊಳ್ಳುತ್ತದೆ. ಇನ್ನು ಇಂಜೆಕ್ಷನ್ ಎಂದರೆ ಹೊಲದಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಪಂಪಿನಂತೆ. ಒತ್ತಡ ಮೊದಲೇ ತುಂಬಿರುತ್ತದೆ, ನಾಜಲ್ ತೆರೆದಷ್ಟು ಹೊತ್ತು ಮಾತ್ರ ಹೊರಗೆ ಬರುತ್ತದೆ. ಎಷ್ಟು ಹೊತ್ತು ತೆರೆಯಬೇಕೆಂದು ಹೇಳುವುದು ಕಂಪ್ಯೂಟರ್. ಗಾಳಿಯ ಪ್ರಮಾಣ, ಇಂಜಿನ್ ಬಿಸಿ, ಹೊಗೆಯಲ್ಲಿ ಉಳಿದ ಆಮ್ಲಜನಕ ಎಲ್ಲವನ್ನೂ ಸೆನ್ಸರ್‌ಗಳು ಅದಕ್ಕೆ ವರದಿ ಮಾಡುತ್ತವೆ.

ಜಮಾ ಕಡೆಗೆ ಕಾರ್ಬುರೇಟರಿನ ಗುಣವನ್ನು ಬರೆಯಲೇಬೇಕು. ಅದನ್ನು ಬಿಚ್ಚಬಹುದು, ತೊಳೆಯಬಹುದು, ಮರದ ಕೆಳಗೆ ಕುಳಿತು ತಿರುಗಿ ಜೋಡಿಸಬಹುದು. ಅಮೇರಿಕದಲ್ಲಿ ಹಳೆಯ ಟ್ರಕ್ಕುಗಳ ಎಂಟು ಸಿಲಿಂಡರ್ ಇಂಜಿನ್‌ಗಳಿಗೆ ಹವ್ಯಾಸಿಗಳು ಹೀಗೆ ಬದಲಿಸುವುದುಂಟು. ಅಲ್ಲಿ ಅದಕ್ಕೆಂದೇ ತಯಾರಿಸಿದ ಸಾಮಾನುಗಳು ಅಂಗಡಿಯಲ್ಲಿ ಸಿಗುತ್ತವೆ. ಕೆಲಸ ಆಗದ್ದೇನಲ್ಲ.

ಈಗ ಖರ್ಚಿನ ಪುಟ ತೆರೆಯೋಣ. ಮೊದಲನೆಯದು ಪಂಪು. ಟ್ಯಾಂಕಿನೊಳಗಿನ ಇಂಜೆಕ್ಷನ್ ಪಂಪು ಸುಮಾರು ಮೂರು ಬಾರ್ ಒತ್ತಡ ಕೊಡುತ್ತದೆ. ಕಾರ್ಬುರೇಟರಿಗೆ ಅದರ ಹತ್ತನೆಯ ಒಂದು ಪಾಲು ಸಾಕು. ಹಳೆಯ ಪಂಪನ್ನೇ ಉಳಿಸಿದರೆ ಬಟ್ಟಲಿನ ಸೂಜಿ ಒತ್ತಡ ತಡೆಯಲಾರದು. ಪೆಟ್ರೋಲ್ ಉಕ್ಕಿ ಕಾದ ಇಂಜಿನ್ ಮೇಲೆ ಹರಿಯುತ್ತದೆ. ಹಿಂದೆ ಹತ್ತಿ ತುಂಬಿರುವಾಗ ಇದರ ಅರ್ಥವೇನೆಂದು ನೀವೇ ಊಹಿಸಿರಿ.

ಎರಡನೆಯದು ಕಿಡಿ. ಈಗಿನ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ. ಪ್ಲಗ್ಗಿಗೆ ಕಿಡಿ ಯಾವ ಗಳಿಗೆಗೆ ಎಂಬುದನ್ನೂ ಆ ಕಂಪ್ಯೂಟರೇ ನಿರ್ಧರಿಸುತ್ತದೆ. ಅದನ್ನು ಕಿತ್ತರೆ ಪೆಟ್ರೋಲ್ ಬಂದರೂ ಬೆಂಕಿ ಇಲ್ಲ. ಕಿಡಿಗೆ ಬೇರೆ ಏರ್ಪಾಡು ಬೇಕು, ಗಾಳಿ ಹೋಗುವ ಮ್ಯಾನಿಫೋಲ್ಡ್ ಬೇರೆ ಬೇಕು. ಅಂದರೆ ಒಂದು ಡಬ್ಬಿ ಬದಲಿಸುವ ಕೆಲಸವಲ್ಲ ಇದು, ಅರ್ಧ ಇಂಜಿನ್ ಬದಲಿಸುವ ಕೆಲಸ.

ಮೂರನೆಯದು ಹೊಗೆ ಕೊಳವೆ. ಅದರಲ್ಲಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಕಾರ್ಬುರೇಟರ್ ಹೆಚ್ಚು ಪೆಟ್ರೋಲ್ ಕೊಟ್ಟರೆ, ಕಿಡಿಯೂ ತಪ್ಪುತ್ತಿದ್ದರೆ, ಉರಿಯದೆ ಉಳಿದದ್ದು ಅಲ್ಲಿ ಉರಿದು ಅದು ಕೆಂಡವಾಗುತ್ತದೆ. ಒಣ ಹುಲ್ಲಿನ ಮೇಲೆ ನಿಲ್ಲಿಸಿದ ಗಾಡಿಗೆ ಇದು ಸಣ್ಣ ವಿಷಯವಲ್ಲ.

ನಾಲ್ಕನೆಯದು ನಮ್ಮ ಬಿಸಿಲು ಮತ್ತು ಈಗಿನ ಪೆಟ್ರೋಲ್. ಕಾರ್ಬುರೇಟರ್ ಗಾಡಿಗಳು ಮೇ ತಿಂಗಳಲ್ಲಿ ಕೊಳವೆಯೊಳಗೇ ಪೆಟ್ರೋಲ್ ಆವಿಯಾಗಿ ನಿಂತುಬಿಡುತ್ತಿದ್ದವು. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಟ್ಯಾಂಕಿನಿಂದಲೇ ಒತ್ತಡದಲ್ಲಿ ಬರುವ ಇಂಜೆಕ್ಷನ್‌ನಲ್ಲಿ ಈ ತೊಂದರೆ ತೀರ ಕಡಿಮೆ. 2025ರ ಹೊತ್ತಿಗೆ ದೇಶದ ಬಂಕುಗಳಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲ್ ಬಂದಿತು. ಎಥನಾಲ್ ಬೆರೆತರೆ ಗಾಳಿಯ ಹದ ಬೇರೆಯಾಗುತ್ತದೆ. ಕಂಪ್ಯೂಟರ್ ಅದನ್ನು ತಿಳಿದು ಸರಿದೂಗಿಸುತ್ತದೆ. ಜೆಟ್ಟಿನ ರಂಧ್ರಕ್ಕೆ ಆ ಬುದ್ಧಿ ಇಲ್ಲ. ಹಳೆಯ ಕಾರ್ಬುರೇಟರಿನ ರಬ್ಬರ್ ಭಾಗಗಳನ್ನೂ ಎಥನಾಲ್ ಉಬ್ಬಿಸಿ ಕೆಡಿಸುತ್ತದೆ.

ಐದನೆಯದು ಕಾಗದಪತ್ರ. ಇದು ನನ್ನ ಕಸುಬಿನ ಮಾತು, ಸ್ವಲ್ಪ ಗಮನವಿಟ್ಟು ಕೇಳಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಕೊಟ್ಟು ಆರ್.ಸಿ.ಯಲ್ಲಿ ಬರೆದ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಎತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಹೀಗೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಒಂದೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ಗೊತ್ತುಮಾಡಿತು. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂದಿದೆ. ಆ ನಿಯಮದ ಗಾಡಿಗೆ ಕಾರ್ಬುರೇಟರ್ ಕೂಡಿಸಿದರೆ ಹೊಗೆ ಪರೀಕ್ಷೆಯಲ್ಲಿ ಪಾರಾಗುವುದು ಕಷ್ಟ. ಸಾಲ ತೀರುವವರೆಗೆ ಗಾಡಿ ಬ್ಯಾಂಕಿಗೆ ಅಡವು ಇರುತ್ತದೆ. ಇದ್ದ ರೂಪದಲ್ಲಿ ಕಾಪಾಡುವೆನೆಂದು ನೀವು ಸಹಿ ಹಾಕಿರುತ್ತೀರಿ. ಮಾಲು ಸುಟ್ಟರೆ, ಅಪಘಾತವಾದರೆ, ವಿಮೆಯವರು ಮೊದಲು ಕೇಳುವುದೇ ಗಾಡಿಯನ್ನು ಬದಲಿಸಿದ್ದೀರಾ ಎಂದು. ಆಗ ಕ್ಲೇಮು ನಿಂತರೂ ಕಂತು ನಿಲ್ಲುವುದಿಲ್ಲ.

ಹಾಗಾದರೆ ಗಾಡಿ ನಿಂತಾಗ ಏನು ಮಾಡಬೇಕು? ಮೊದಲು ಕೀಲಿ ತಿರುಗಿಸಿ ಕಿವಿಗೊಡಿರಿ. ಟ್ಯಾಂಕಿನ ಕಡೆ ಒಂದೆರಡು ಸೆಕೆಂಡು ಗುಂಯ್ ಎಂಬ ಸದ್ದು ಬರಬೇಕು. ಬಾರದಿದ್ದರೆ ಪಂಪಿನ ಫ್ಯೂಸು, ರಿಲೇ ನೋಡಿಸಿರಿ. ಬ್ಯಾಟರಿಯ ತುದಿಗಳು ಬೆಳ್ಳಗೆ ಪೂತು ಹೋಗಿವೆಯೇ, ಅರ್ಥಿಂಗ್ ವೈರು ಸಡಿಲವೇ, ಇಲಿ ಯಾವುದಾದರೂ ವೈರು ಕಡಿದಿದೆಯೇ ನೋಡಿರಿ. ಎಷ್ಟೋ ಬಾರಿ ಕಂಪ್ಯೂಟರ್ ಸರಿಯಾಗಿಯೇ ಇರುತ್ತದೆ, ಹತ್ತು ರೂಪಾಯಿಯ ಫ್ಯೂಸು ಹೋಗಿರುತ್ತದೆ. ಟ್ಯಾಂಕನ್ನು ಪೂರ್ತಿ ಬರಿದು ಮಾಡಬೇಡಿರಿ. ಒಳಗಿನ ಪಂಪನ್ನು ತಂಪಾಗಿಡುವುದು ಆ ಪೆಟ್ರೋಲೇ. ಕರಿ ನೆಲದ ಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದದ್ದಕ್ಕಿಂತ ಬೇಗ ನೋಡಿಸಿರಿ. ಇಂಜಿನ್ ದೀಪ ಹತ್ತಿಕೊಂಡರೆ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿರಿ. ತಪ್ಪು ಎಲ್ಲಿದೆಯೆಂದು ಹುಡುಕಲು ಗಾಡಿಯೇ ಸುಳಿವು ಕೊಡುತ್ತದೆ.

ಒಟ್ಟು ಕೂಡಿಸಿ ನೋಡಿದರೆ ಲೆಕ್ಕ ಸ್ಪಷ್ಟವಿದೆ. ಜಮಾ ಕಡೆ ಒಂದು ಸ್ಕ್ರೂಡ್ರೈವರಿನ ಸುಖ. ಖರ್ಚಿನ ಕಡೆ ಪಂಪು, ಕಿಡಿ, ಬೆಂಕಿಯ ಭಯ, ದಂಡ, ವಿಮೆ. ಕಾರ್ಬುರೇಟರ್ ಇರುವ ಹಳೆಯ ಗಾಡಿ ನಿಮ್ಮಲ್ಲಿದ್ದರೆ ಅದನ್ನು ಹಾಗೆಯೇ ಚೆನ್ನಾಗಿಟ್ಟುಕೊಳ್ಳಿರಿ. ಇಂಜೆಕ್ಷನ್ ಇರುವ ಗಾಡಿಯನ್ನು ಅದರಂತೆಯೇ ಓಡಿಸಿರಿ. ಯಾರಾದರೂ "ಕಿತ್ತು ಹಾಕು" ಎಂದರೆ, ಮೊದಲು ಫ್ಯೂಸು ನೋಡಿದೆಯಾ ಎಂದು ಕೇಳಿರಿ.