ವಿಶ್ವವಿದ್ಯಾನಿಲಯದ ಬೊಕ್ಕಸ ತುಂಬುವುದು ಹೇಗೆ?

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಇರುವ ನಿಮ್ಮ ಕಾಲೇಜಿನಲ್ಲಿ ಪರೀಕ್ಷಾ ಶುಲ್ಕ ಕಟ್ಟಿ ರಸೀದಿ ಪಡೆಯುವಾಗ, ಆ ಹಣ ಎಲ್ಲಿಗೆ ಹೋಗುತ್ತದೆಂದು ಯೋಚಿಸಿದ್ದೀರಾ? ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದರ ಉಸಿರು ಇಂಥ ಸಣ್ಣ ಮೊತ್ತಗಳಲ್ಲಿದೆ. ನಮ್ಮ ನೆರೆಯ ಬೆಂಗಳೂರು ವಿಶ್ವವಿದ್ಯಾನಿಲಯದ ನಿದರ್ಶನದಿಂದಲೇ ಇದನ್ನು ತಿಳಿಯೋಣ.

ಸೆಂಟ್ರಲ್ ಕಾಲೇಜು ಹಾಗೂ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜುಗಳನ್ನು ಒಳಗೊಂಡು ಈ ಸಂಸ್ಥೆ 1964ರಲ್ಲಿ ಹುಟ್ಟಿತು. 1973ರಲ್ಲಿ ಕೆಂಗೇರಿ ಕಡೆಯ ಸುಮಾರು 1,100 ಎಕರೆಯ ಜ್ಞಾನಭಾರತಿ ಆವರಣಕ್ಕೆ ಬಂದಿತು. ಇಂಥ ಸಂಸ್ಥೆಗೆ ಹಣ ಮುಖ್ಯವಾಗಿ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ರಾಜ್ಯ ಸರ್ಕಾರದ ಅನುದಾನ; ಇದರ ಬಹುಭಾಗ ಕಾಯಂ ನೌಕರರ ವೇತನಕ್ಕೆ ಸರಿಹೋಗುತ್ತದೆ. ಎರಡನೆಯದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದಂಥ ಕೇಂದ್ರ ಸಂಸ್ಥೆಗಳ ನೆರವು. ಇದು ಗೊತ್ತುಪಡಿಸಿದ ಉದ್ದೇಶಕ್ಕೆ ಮಾತ್ರ. ಮೂರನೆಯದು ಸ್ವಂತ ಸಂಪನ್ಮೂಲ. ವಿದ್ಯುತ್, ದುರಸ್ತಿ, ಅತಿಥಿ ಉಪನ್ಯಾಸಕರ ಸಂಭಾವನೆ ಮೊದಲಾದ ಖರ್ಚುಗಳಿಗೆ ಬಹುಮಟ್ಟಿಗೆ ಇದನ್ನೇ ನೆಚ್ಚಬೇಕು.

ಈ ಸ್ವಂತ ಸಂಪನ್ಮೂಲದ ತಾಯಿಬೇರು ಯಾವುದು? ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಉದಾಹರಣೆಗೆ, ಒಂದು ಲಕ್ಷ ವಿದ್ಯಾರ್ಥಿಗಳು ತಲಾ ಸಾವಿರ ರೂಪಾಯಿ ಪರೀಕ್ಷಾ ಶುಲ್ಕ ಕಟ್ಟಿದರೆ 10 ಕೋಟಿ ರೂಪಾಯಿ. ಆವರಣದ ಒಂದು ವಿಭಾಗದಲ್ಲಿ ಎಂ.ಎ. ಓದುವ 40 ಮಂದಿ ತಲಾ ಹತ್ತು ಸಾವಿರ ಕಟ್ಟಿದರೂ ಬರುವುದು 4 ಲಕ್ಷ ಮಾತ್ರ. ಅಂದರೆ, ಆವರಣದಲ್ಲಿ ನಡೆಯುವ ಉನ್ನತ ಅಧ್ಯಯನ, ಸಂಶೋಧನೆಗಳ ಖರ್ಚನ್ನು ತೂಗಿಸುವುದು ಹೊರಗಿನ ಪದವಿ ಕಾಲೇಜುಗಳ ಪರೀಕ್ಷಾ ಶುಲ್ಕ ಮತ್ತು ಸಂಯೋಜನಾ ಶುಲ್ಕ.

ಆದ್ದರಿಂದ ಸಂಯೋಜಿತ ಕಾಲೇಜುಗಳು ಕೈತಪ್ಪಿದಂತೆ ಆದಾಯವೂ ಸೋರುತ್ತದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬಂದಾಗ ವೈದ್ಯಕೀಯ ಕಾಲೇಜುಗಳು ಅದರ ಪಾಲಾದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಇಂಜಿನಿಯರಿಂಗ್ ಕಾಲೇಜುಗಳು ಅತ್ತ ಸರಿದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವೇ ಮೂರು ಭಾಗವಾಯಿತು. ಆಡಳಿತದ ಹೊರೆ ಇಳಿಸಲು ಇವುಗಳಿಗೆ ಸಕಾರಣವೂ ಇತ್ತು. ಆದರೆ ಕಾಲೇಜುಗಳು ಹೋದಷ್ಟು ಸುಲಭವಾಗಿ ಹಳೆಯ ಕಟ್ಟಡಗಳೂ ನಿವೃತ್ತರ ಪಿಂಚಣಿಯೂ ಹೋಗುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ ವಿಭಾಗವೂ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೇರೆಯಾಯಿತು.

ಹಾಗಾದರೆ ಬೇರೆ ದಾರಿಗಳಿಲ್ಲವೆ? ಇವೆ. ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯುವ ಕೋರ್ಸುಗಳನ್ನು ತೆರೆಯಬಹುದು. ಪ್ರಯೋಗಾಲಯದ ಸೇವೆ ಹಾಗೂ ತಜ್ಞರ ಸಲಹೆಯನ್ನು ಕೈಗಾರಿಕೆಗಳಿಗೆ ಒದಗಿಸಿ ಶುಲ್ಕ ಪಡೆಯಬಹುದು. ಹಳೆಯ ವಿದ್ಯಾರ್ಥಿಗಳಿಂದ ದತ್ತಿನಿಧಿ ಕೂಡಿಸಬಹುದು. ನ್ಯಾಯಮೂರ್ತಿ ಪುನ್ನಯ್ಯ ಸಮಿತಿಯು 1990ರ ದಶಕದ ಆರಂಭದಲ್ಲಿ ಕೇಂದ್ರದ ಅನುದಾನದ ವಿಶ್ವವಿದ್ಯಾನಿಲಯಗಳನ್ನು ಕುರಿತು, ಆವರ್ತಕ ವೆಚ್ಚದ ಶೇ. 15ರಷ್ಟನ್ನು ಐದು ವರ್ಷಗಳಲ್ಲಿ, ಶೇ. 25ರಷ್ಟನ್ನು ಹತ್ತು ವರ್ಷಗಳಲ್ಲಿ ತಾವೇ ಗಳಿಸಬೇಕೆಂದು ಸೂಚಿಸಿತ್ತು.

ಆದರೆ ಪ್ರತಿ ದಾರಿಗೂ ಒಂದು ಬೆಲೆಯಿದೆ. ಕೈಗಾರಿಕೆ ರಸಾಯನಶಾಸ್ತ್ರವನ್ನು ಕೇಳಿಕೊಂಡು ಬಂದೀತು. ಹಳಗನ್ನಡವನ್ನೋ ಇತಿಹಾಸವನ್ನೋ ಕೇಳಿಕೊಂಡು ಬರುವವರು ಯಾರು? ನೂರಾರು ಎಕರೆ ಭೂಮಿ ಕಣ್ಣಿಗೆ ದೊಡ್ಡ ಆಸ್ತಿಯಾಗಿ ಕಂಡರೂ, ಒಮ್ಮೆ ಪರಭಾರೆಯಾದ ನೆಲ ಮುಂದಿನ ಪೀಳಿಗೆಗೆ ಮರಳಿ ಸಿಗದು. ಶುಲ್ಕ ಏರಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಹುಡುಗಿಗೆ ಆ ಏರಿಕೆಯೇ ಕಾಲೇಜಿನ ಬಾಗಿಲು ಮುಚ್ಚಬಹುದು. ಶುಲ್ಕ ಏರಿಸುವುದೇ ಆದರೆ ಜೊತೆಗೆ ವಿದ್ಯಾರ್ಥಿವೇತನವೂ ಏರಬೇಕು.

ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಮೀಸಲಾಗಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ದೇಶದ ಒಟ್ಟು ಉತ್ಪನ್ನದ ಶೇ. 6ರ ಗುರಿಯನ್ನೇ ಮತ್ತೆ ಇಟ್ಟುಕೊಂಡಿತು. ಓದಿದವರಿಂದ ಲಾಭ ಪಡೆಯುವುದು ಇಡೀ ಸಮಾಜ. ಆದಕಾರಣ ಖರ್ಚಿನ ಮುಖ್ಯ ಹೊಣೆಯೂ ಸಮಾಜದ್ದೇ. ಮುಂದಿನ ಬಾರಿ ರಸೀದಿ ಕೈಗೆ ಬಂದಾಗ ಅದರಲ್ಲಿರುವ ಬಾಬುಗಳನ್ನು ಒಂದೊಂದಾಗಿ ಓದಿರಿ. ಯಾವುದಕ್ಕೆ ಎಷ್ಟು, ಏಕೆ ಎಂದು ತರಗತಿಯಲ್ಲಿ ಚರ್ಚಿಸಿರಿ.